ಬೂಟಿನ ತಳದ ಒಂಬತ್ತನೇ ಮನೆ

ಯುಲಾಲಿ ಪಾರ್ಫೆ ಮೂರನೇ ತರಗತಿಯ ಮಕ್ಕಳಿಗೆ ನಮ್ಮ ಲೂಯಿಸಿಯಾನ ರಾಜ್ಯದ ಪಾಠವನ್ನು ಪ್ರತಿ ವರ್ಷವೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದಳು. ಗೋಡೆಯ ನಕ್ಷೆಗೆ ಕೋಲು ತಾಗಿಸಿ, "ಈ ಬೂಟಿನಾಗೆ ನಿಮ್ಮನೆ ಎಲ್ಲೈತೆ, ತೋರ್ಸಿ ನೋಡಾನ" ಎನ್ನುವಳು.

ನಮ್ಮ ರಾಜ್ಯ ನಕ್ಷೆಯಲ್ಲಿ ಬೂಟಿನಂತೆಯೇ ಕಾಣುತ್ತದೆ. ಬೂಟಿನ ಕಾಲು ಉತ್ತರದಲ್ಲಿ, ಗಟ್ಟಿ ನೆಲದಲ್ಲಿ. ತಳ ಮಾತ್ರ ದಕ್ಷಿಣದ ಕೊಲ್ಲಿಯ ನೀರಿನಲ್ಲಿ ನೆನೆದು, ಸವೆದು, ಚಿಂದಿಚಿಂದಿಯಾಗಿ ನೇತಾಡುತ್ತದೆ. ಆ ಚಿಂದಿಯ ಒಂದು ಎಳೆಯೇ ನಮ್ಮೂರು ಪ್ವಾಂತ್ ಗ್ರೂ. ಅದು ಅಚ್ಚಾದ ಯಾವ ನಕ್ಷೆಯಲ್ಲೂ ಇಲ್ಲ. ಹಾಗಾಗಿ ಮಕ್ಕಳು ಪಾಪ, ಬೆರಳನ್ನು ನಕ್ಷೆಯ ಮೇಲೆಲ್ಲ ಓಡಾಡಿಸಿ ಕೊನೆಗೆ ನೀಲಿ ನೀರಿನಲ್ಲಿ ಮುಳುಗಿಸಿ ನಿಲ್ಲಿಸುತ್ತಿದ್ದವು.

ಈ ಪ್ರಶ್ನೆ ಯುಲಾಲಿಯದಲ್ಲ, ಅವಳ ತಂಗಿಯದು.

ನಾವು ಚಿಕ್ಕವರಿದ್ದಾಗ, ಈ ನೆಲದ ಮೂಲ ನಿವಾಸಿಗಳಾದ ನಮ್ಮ ಹೂಮಾ ಜನರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಯುತ್ತಿರಲಿಲ್ಲ. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕರಿಯರ ಮಕ್ಕಳಿಗೆ ಒಂದು ಶಾಲೆ, ನಮಗೆ ತೊರೆಯ ಕೆಸರು. ಯುಲಾಲಿ ನನ್ನ ಚಿಕ್ಕಪ್ಪನ ಮಗಳು, ನನಗಿಂತ ಎರಡು ವರ್ಷಕ್ಕೆ ಕಿರಿಯಳು. ಅವಳಿಗೆ ಹನ್ನೊಂದು, ತಂಗಿ ನೋಯೆಲಿಗೆ ಎಂಟು ಆಗಿದ್ದಾಗ ಇಬ್ಬರೂ ಮರದ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಬಿಳಿಯರ ಶಾಲೆಯ ಕಿಟಕಿಯ ಕೆಳಗೆ ನಿಲ್ಲುತ್ತಿದ್ದರು. ಒಳಗೆ ಗೋಡೆಯ ಮೇಲೆ ಬೂಟಿನ ನಕ್ಷೆ. ಒಂದು ದಿನ ಶಿಕ್ಷಕಿ ನೋಡಿ ಪರದೆ ಎಳೆದಳು. ವಾಪಸು ಬಂದು ನೋಯೆಲಿ ದಂಡೆಯ ಕೆಸರಿನಲ್ಲಿ ಕಡ್ಡಿಯಿಂದ ಬೂಟು ಬರೆದು, "ಅಕ್ಕಾ, ಇದರಾಗೆ ನಮ್ಮನೆ ಎಲ್ಲೈತೆ?" ಎಂದು ಕೇಳಿದಳು. ಯುಲಾಲಿಗೆ ಗೊತ್ತಿರಲಿಲ್ಲ. "ಸ್ಕೂಲಿಗೆ ಹೋದಾಗ ಕೇಳಾನ ಬಿಡು" ಎಂದಳು. ಹೆಸರು ಬರೆಯಲು ಬಾರದ ನೋಯೆಲಿ ಚಿತ್ರದ ಮೂಲೆಯಲ್ಲಿ ತನ್ನ ಗುರುತು ಹಾಕಿದಳು. ಒಂದೇ ಕೊಂಡಿಯ ಏಡಿ. ಏನು ಬರೆದರೂ ಮೂಲೆಯಲ್ಲಿ ಆ ಏಡಿ ಇರಲೇಬೇಕು.

ಆ ಮಾಗಿಯಲ್ಲೇ ಜ್ವರ ಬಂದು ಹುಡುಗಿ ತೀರಿಕೊಂಡಳು. ಆಗ ನಮ್ಮವರನ್ನು ಮಣ್ಣು ಮಾಡುತ್ತಿದ್ದುದು ಊರಿಂದ ಏಳು ಮೈಲಿ ಆಚೆ, ಜೌಗಿನ ತುದಿಯ ಚಿಪ್ಪಿನ ದಿಬ್ಬದ ಮೇಲೆ. ಅಲ್ಲಿ ಇಟ್ಟಿಗೆಯ ಗೋರಿ ಕಟ್ಟಿದರು. ಆಮೇಲೆ ಊರಿನಲ್ಲೇ ಚರ್ಚಿನ ಹಿಂದೆ ಜಾಗವಾಯಿತು. ಅವಳ ಅಪ್ಪ, ಅಮ್ಮ ಎಲ್ಲರೂ ಇಲ್ಲೇ ಮಲಗಿದರು. ಅಲ್ಲಿ ನೋಯೆಲಿ ಒಬ್ಬಳೇ ಉಳಿದಳು. ಅವಳ ಹಿಂದಿನ ಹಳೆಯ ಐದು ಗೋರಿಗಳಲ್ಲಿ ಯಾರಿದ್ದಾರೆಂದು ಹೇಳುವವರೂ ಇರಲಿಲ್ಲ. ಯುಲಾಲಿಯ ತಾಯಿ ಕೊನೆಯುಸಿರಲ್ಲಿ ಕೇಳಿದ್ದು ಒಂದೇ ಮಾತು. "ಆ ಕೂಸನ್ನ ಒಂಟಿ ಬಿಡಬೇಡ ಕಣವ್ವಾ."

ಬಿಡಲಿಲ್ಲ. ನವೆಂಬರ್ ಒಂದರ ಸಕಲ ಸಂತರ ಹಬ್ಬಕ್ಕೆ ನಮ್ಮ ಕಡೆ ಪ್ರತಿ ಮನೆಯವರೂ ತಮ್ಮವರ ಗೋರಿಗೆ ಸುಣ್ಣ ಬಳಿದು ಮೇಣದ ಬತ್ತಿ ಹಚ್ಚಬೇಕು. ನಲವತ್ತೈದು ವರ್ಷ ಯುಲಾಲಿ ಸುಣ್ಣದ ಬಕೆಟ್ಟು ಹಿಡಿದು ನಮ್ಮ ಸೀಗಡಿ ದೋಣಿ ಹತ್ತಿದಳು. ಆ ನಲವತ್ತೈದು ವರ್ಷದಲ್ಲಿ ಅವಳು ಸೀಗಡಿ ಸುಲಿಯುವ ಕೊಟ್ಟಿಗೆಯಲ್ಲಿ ಬೆರಳು ಕೊಯ್ದುಕೊಂಡಳು, ಪಾದ್ರಿಯ ಬಳಿ ಅಕ್ಷರ ಕಲಿತಳು. ಅರವತ್ತರ ದಶಕದಲ್ಲಿ ಶಾಲೆಯ ಬಾಗಿಲು ನಮಗೂ ತೆರೆದಾಗ ಅದೇ ಶಾಲೆಯಲ್ಲಿ ಕಸ ಗುಡಿಸುವವಳಾಗಿ ಸೇರಿದಳು. ಗುಡಿಸುತ್ತ ಗುಡಿಸುತ್ತ ಓದಿ, ಪರೀಕ್ಷೆ ಕಟ್ಟಿ, ನಲವತ್ತೊಂದನೇ ವಯಸ್ಸಿಗೆ ಅದೇ ಕಿಟಕಿಯ ಒಳಗಡೆ ಶಿಕ್ಷಕಿಯಾಗಿ ನಿಂತಳು. ಮೊದಲ ದಿನ ಮಾಡಿದ ಮೊದಲ ಕೆಲಸ ಪರದೆ ಕಿತ್ತು ಒಲೆಗೆ ಹಾಕಿದ್ದು.

ಅವಳ ಪಾಠ ಪುಸ್ತಕದ್ದಲ್ಲ. "ಮಿಸಿಸಿಪ್ಪಿ ನದಿ ಐತಲ್ಲ, ಅದು ನಮ್ಮಜ್ಜಿ ಇದ್ದಂಗೆ. ಸಾವಿರ ಮೈಲಿಯಿಂದ ಉಡಿಯಾಗೆ ಮಣ್ಣು ತುಂಬ್ಕಂಡು ಬಂದು ನಮಗೆ ನೆಲ ಮಾಡಿಕೊಟ್ಲು. ಆಮೇಲೆ ಜನ ಏರಿ ಕಟ್ಟಿ ಅವಳನ್ನ ಮನೆ ಒಳಗೇ ಕೂಡಿಹಾಕಿದ್ರು. ಉಡಿ ಬಿಚ್ಚೋಕೆ ಜಾಗ ಇಲ್ಲ. ಅದ್ಕೇ ಬೂಟಿನ ತಳ ಸವೀತಾ ಐತೆ" ಎನ್ನುವಳು. ಇತಿಹಾಸವೂ ಅಷ್ಟೇ. "ಫ್ರಾನ್ಸಿನೋರು ನಮ್ಮದು ಅಂದ್ರು. ಸ್ಪೇನಿನೋರು ನಮ್ಮದು ಅಂದ್ರು. ಆಮೇಲೆ ಒಬ್ಬ ಮಾರಿದ, ಒಬ್ಬ ಕೊಂಡ. ಆ ಹೊತ್ತಿಗೆ ನಿಮ್ಮ ಮುತ್ತಜ್ಜ ಇಲ್ಲೇ ಏಡಿ ಹಿಡೀತಾ ಇದ್ದ. ಅವನನ್ನ ಯಾರು ಕೇಳಿದ್ರು?" ಮಕ್ಕಳೆಲ್ಲ ಒಟ್ಟಿಗೆ, "ಯಾರೂ ಇಲ್ಲ ಮಿಸ್!"

ಹೀಗಿರುವಾಗ ಒಂದು ದೊಡ್ಡ ಚಂಡಮಾರುತ ಬಂತು. ನೀರು ಇಳಿದ ಮೇಲೆ ನೋಡಿದರೆ ದಿಬ್ಬದ ಮೇಲಿದ್ದ ದೊಡ್ಡ ಶಿಲುಬೆ ಇಲ್ಲ, ಮರಗಳಿಲ್ಲ, ದಿಬ್ಬವೂ ಇಲ್ಲ. ಎತ್ತ ನೋಡಿದರೂ ಬೂದು ಬಣ್ಣದ ನೀರು. ಆ ವರ್ಷದ ಹಬ್ಬಕ್ಕೆ ನಾನು ಯುಲಾಲಿಯನ್ನು ಕರೆದುಕೊಂಡು ಬೆಳಗಿನಿಂದ ಸಂಜೆಯವರೆಗೆ ಗಳ ಚುಚ್ಚಿಚುಚ್ಚಿ ಹುಡುಕಿದೆ. ಮರುವರ್ಷವೂ ಹುಡುಕಿದೆ. ಗಳಕ್ಕೆ ಕೆಸರು ಬಿಟ್ಟು ಬೇರೇನೂ ತಾಗಲಿಲ್ಲ. ಎರಡು ಸಲವೂ ಬಕೆಟ್ಟಿನಲ್ಲಿ ಸುಣ್ಣ ಹಾಗೇ ಗಟ್ಟಿಯಾಗಿ ಮನೆಗೆ ಬಂತು.

ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದಳು. ಮೂರು ಹಬ್ಬ ಸುಣ್ಣ ಕಾಣದ ಗೋರಿಯವರು ಇನ್ನು ನಮ್ಮ ಮನೆಯವರು ಬರುವುದಿಲ್ಲವೆಂದು ತಿಳಿದು ತಾವೇ ಮನೆ ಹುಡುಕಿಕೊಂಡು ಹೊರಡುತ್ತಾರೆ. ದಾರಿ ಸಿಗದೆ ಜೌಗಿನ ಮೇಲೆ ಕೊಳ್ಳಿದೆವ್ವವಾಗಿ ಎಂದೆಂದಿಗೂ ಅಲೆಯುತ್ತಾರೆ. ನಾನು ಅದನ್ನು ನಂಬುತ್ತಿದ್ದೆನೋ ಇಲ್ಲವೋ, ಯುಲಾಲಿ ನಂಬುತ್ತಿದ್ದಳು. ಮೂರನೇ ಹಬ್ಬ ಹತ್ತಿರ ಬರುತ್ತಿದ್ದ ಹಾಗೆ ಅವಳ ಕಣ್ಣಿನ ಕೆಳಗೆ ಕಪ್ಪು ಇಳಿಯಿತು. "ಒವೀದ್, ಅವಳು ನನ್ನನ್ನೇ ಕೇಳೋದು. ಮನೆ ಎಲ್ಲೈತೆ ಅಂತ ಆಗಲೂ ನನ್ನನ್ನೇ ಕೇಳಿದ್ಲು" ಎಂದು ನನಗೆ ಹೇಳಿದಳು.

ಆ ಅಕ್ಟೋಬರಿನಲ್ಲಿ ಅವಳು ತರಗತಿಯ ಎಂಟು ಮಕ್ಕಳಿಗೂ ಒಂದೊಂದು ಕಂದು ಹಾಳೆ ಕೊಟ್ಟಳು. ಮನೆಯ ಮುದುಕರನ್ನು ಕೇಳಿ, ಊರಿನಿಂದ ಕೊಲ್ಲಿಯವರೆಗೆ ಹಿಂದೆ ಏನೇನಿತ್ತೋ ಅದನ್ನೆಲ್ಲ ಬರೆದುಕೊಂಡು ಬನ್ನಿ, ಎಲ್ಲ ಸೇರಿಸಿ ನಮ್ಮದೇ ಬೂಟಿನ ತಳ ಮಾಡೋಣ ಎಂದಳು. ಮಕ್ಕಳಿಗೆ ಅದು ಭೂಗೋಳದ ಪಾಠ. ಅವಳಿಗೆ ಅದು ತಂಗಿಯನ್ನು ಹುಡುಕುವ ಕೊನೆಯ ದಾರಿ. ನನ್ನೊಬ್ಬನಿಗೆ ಅದನ್ನು ಒಪ್ಪಿಕೊಂಡಿದ್ದಳು, ಸ್ವಲ್ಪ ನಾಚಿಕೆಯಿಂದಲೇ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ನನಗೆ ಶಾಲೆಯಿಂದ ಕರೆ ಬಂತು. ಹೋದರೆ ನೆಲದ ಮೇಲೆ ಹಾಳೆಗಳನ್ನು ಹರಡಿದ್ದಾರೆ. ಎಣಿಸಿದೆ. ಒಂಬತ್ತು.

"ಎಂಟು ಜನಕ್ಕೆ ಒಂಬತ್ತು ಹಾಳೆನಾ?" ಎಂದೆ.

"ಅದೇ ನೋಂಕ್ ಒವೀದ್," ಎಂದಳು ತ್ರಿನಾ ಸೋಲೆ. ನಮ್ಮ ಕಡೆ ಮಾವನನ್ನು ನೋಂಕ್ ಎನ್ನುತ್ತೇವೆ. ನಾಲಿಗೆ ಚುರುಕಿನ ಹುಡುಗಿ ಅವಳು. "ಬೆಳಿಗ್ಗೆ ಬಂದಾಗ ಮಿಸ್ ಮೇಜಿನ ಮೇಲಿತ್ತು. ನಾವ್ಯಾರೂ ಇಟ್ಟಿಲ್ಲ. ಬರೆದೋರಿಗೆ ಬುದ್ಧಿ ಇಲ್ಲ. ಚರ್ಚನ್ನ ತಪ್ಪು ಜಾಗದಾಗೆ ಹಾಕವ್ರೆ."

ಬಗ್ಗಿ ನೋಡಿದೆ. ಅದೇ ಕಂದು ಹಾಳೆ, ಆದರೆ ಒದ್ದೆಯಾಗಿ ಒಣಗಿದ್ದು. ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ. ಇದ್ದಿಲಿನಲ್ಲಿ ಬರೆದಿದ್ದರು. ತೊರೆ, ಎರಡು ಓಕ್ ಮರ, ಚರ್ಚು, ದೂರದಲ್ಲಿ ದಿಬ್ಬ, ದಿಬ್ಬದ ಮೇಲೆ ಆರು ಗೋರಿ. ಉಳಿದ ಎಂಟೂ ಹಾಳೆಗಳಲ್ಲಿ ಚರ್ಚು ಈಗಿರುವ ಕಡೆಯೇ ಇದೆ. ಇದೊಂದರಲ್ಲಿ ಮಾತ್ರ ಬಲೆ ಕೊಟ್ಟಿಗೆಯ ಪಕ್ಕದಲ್ಲಿದೆ.

ಯುಲಾಲಿ ಕುರ್ಚಿಯಿಂದ ಏಳಲಿಲ್ಲ. "ಒವೀದ್, ಎರಡು ವರ್ಷ ನೀನು ಯಾವ ಗುರುತು ಹಿಡಿದು ದೋಣಿ ಬಿಟ್ಟೆ?"

"ನಮ್ಮಪ್ಪ ಹೇಳಿಕೊಟ್ಟಿದ್ದೇ. ಜೋಡಿ ಓಕ್ ಮರದ ಸಂದಿಯಾಗೆ ಚರ್ಚಿನ ಗೋಪುರ ಕಾಣೋಹಂಗೆ ಇಟ್ಕಂಡು ನೆಟ್ಟಗೆ ಹೋಗೋದು. ಈ ತೊರೆಯಾಗೆ ನನ್ನಷ್ಟು ಗುರುತು ಬಲ್ಲೋನು ಯಾವನವ್ನೆ?"

"ಗೋಪುರ ಎಲ್ಲೈತೆ?"

"ಚರ್ಚಿನ ಮೇಲೆ!"

"ಚರ್ಚು ಎಲ್ಲೈತೆ?"

ಆಗ ನನಗೆ ಹೊಳೆಯಿತು. ಚಂಡಮಾರುತದಲ್ಲಿ ಚರ್ಚಿನ ಅಡಿಪಾಯ ಕೊಚ್ಚಿಹೋಗಿ, ಊರಿನವರೆಲ್ಲ ಸೇರಿ ಇಡೀ ಕಟ್ಟಡವನ್ನು ಬಲೆ ಕೊಟ್ಟಿಗೆಯ ಪಕ್ಕದಿಂದ ಮರದ ದಿಮ್ಮಿಗಳ ಮೇಲೆ ಇನ್ನೂರು ಹೆಜ್ಜೆ ಆಚೆಗೆ ಎಳೆದು ಕಂಬಗಳ ಮೇಲೆ ಕೂರಿಸಿದ್ದೆವು. ಇಲ್ಲಿ ಗೋಪುರ ಇನ್ನೂರು ಹೆಜ್ಜೆ ಸರಿದರೆ ಅಲ್ಲಿ, ಏಳು ಮೈಲಿ ಆಚೆ, ಗುರಿ ಎಷ್ಟು ದೂರ ತಪ್ಪುತ್ತದೆಂದು ಹಾಲು ಕುಡಿಯುವ ಮಗುವೂ ಹೇಳೀತು. ಆದರೆ ದೋಣಿ ಹತ್ತಿದ ಕೂಡಲೇ ನಮ್ಮ ಕಣ್ಣು ಗೋಪುರ ಹುಡುಕುತ್ತದೆ. ಅದು ಅಪ್ಪನ ಕಾಲದ ಅಭ್ಯಾಸ, ತಲೆಯನ್ನು ಕೇಳುವುದಿಲ್ಲ. ಎಂಟು ಮನೆಯ ಎಂಟು ಮುದುಕರೂ ಅದೇ ಗುರುತನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದರು.

"ಚರ್ಚಿನ ಹಗ್ಗ ಹಿಡಿದು ಎಳೆದೋನು ನೀನೇ ಅಲ್ವೇನೋ!" ಎಂದಳು ಯುಲಾಲಿ. ನಗಬೇಕಾದ ಮಾತು. ಅವಳು ನಗಲಿಲ್ಲ. ಹಾಳೆಯ ಮೂಲೆಯನ್ನು ಬೆರಳಿನಲ್ಲಿ ತೋರಿಸಿದಳು.

ಅಲ್ಲಿ ಒಂದೇ ಕೊಂಡಿಯ ಏಡಿಯಿತ್ತು.

ಅದರ ಗುರುತು ಬಲ್ಲವರು ಭೂಮಿಯ ಮೇಲೆ ಇಬ್ಬರೇ ಉಳಿದಿದ್ದೆವು. ಇಬ್ಬರೂ ಆ ಕೋಣೆಯಲ್ಲೇ ಇದ್ದೆವು. ಇಬ್ಬರಲ್ಲಿ ಯಾರೂ ಆ ಹಾಳೆ ಬರೆದಿರಲಿಲ್ಲ. ಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು, ನೋಯೆಲಿ ಆಗಲೇ ಮನೆ ಹುಡುಕಿಕೊಂಡು ಹೊರಟುಬಿಟ್ಟಿದ್ದಳು.

ನಕ್ಷೆ ಸರಿಯೋ ತಪ್ಪೋ ಮಕ್ಕಳೇ ನೋಡಿ ಬರಲಿ ಎಂದು ಯುಲಾಲಿ ಹೆಡ್ ಮಾಸ್ತರರಿಂದ ಒಪ್ಪಿಗೆ ತಂದಳು. ಹಬ್ಬಕ್ಕೆ ಮುಂಚಿನ ಎರಡು ದಿನ ಉತ್ತರದ ಗಾಳಿ ಹೊಡೆಯಿತು. ಆ ಗಾಳಿ ಜೌಗಿನ ನೀರನ್ನೆಲ್ಲ ಕೊಲ್ಲಿಗೆ ಗುಡಿಸಿಕೊಂಡು ಹೋಗುತ್ತದೆ; ವರ್ಷವಿಡೀ ಮುಳುಗಿದ ನೆಲ ಒಂದೆರಡು ಗಳಿಗೆ ಬೆನ್ನು ತೋರಿಸುತ್ತದೆ. ಹಬ್ಬದ ಬೆಳಿಗ್ಗೆ ಗಾಳಿ ನಿಂತಿತ್ತು. ತಣ್ಣನೆಯ ಬಿಸಿಲು. ನೀರಿನಿಂದ ಆಳೆತ್ತರಕ್ಕೆ ಬಿಳಿ ಹಬೆ ಏಳುತ್ತಿತ್ತು. ಒಂದು ಹಕ್ಕಿಯ ಸದ್ದಿಲ್ಲ.

ನನ್ನ ದೋಣಿಯಲ್ಲಿ ಮಕ್ಕಳ ಅಳತೆಯ ತೇಲು ಜಾಕೀಟು ಒಂಬತ್ತಿದ್ದವು. ಮಕ್ಕಳನ್ನು ನಂಬದೆ ಎಲ್ಲರಿಗೂ ನಾನೇ ತೊಡಿಸಿ ಪಟ್ಟಿ ಬಿಗಿದೆ. ಕೊನೆಯದಕ್ಕೆ ಪಟ್ಟಿಯನ್ನು ತುದಿಯವರೆಗೂ ಎಳೆಯಬೇಕಾಯಿತು, ಅಷ್ಟು ಸಣಕಲು ಮೈ. ಎಂಜಿನ್ನು ಆಗಲೇ ಕೆಮ್ಮುತ್ತಿತ್ತು. ಅದು ನಿಂತುಹೋದೀತೆಂದು ನಾನು ಮುಖ ಎತ್ತಿ ನೋಡದೆ ಚುಕ್ಕಾಣಿಗೆ ಓಡಿದೆ. ಒಂದು ಜಾಕೀಟು ಉಳಿಯಬೇಕಿತ್ತಲ್ಲ ಎಂದು ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ಹೊರಡುವ ಮುಂಚೆ ಮೀನಿನ ಚಾಕುವನ್ನು ದೋಣಿಯ ಕಂಬಕ್ಕೆ ಚುಚ್ಚಿ ನಿಲ್ಲಿಸಿದೆ. ಕೊಳ್ಳಿದೆವ್ವ ಎದುರಾದರೆ ಆ ಅಲಗಿನ ಸುತ್ತ ಸುತ್ತುತ್ತ ಅಲ್ಲೇ ನಿಲ್ಲುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ.

"ನೋಂಕ್‌ಗೆ ಹಗಲೊತ್ತಲ್ಲೂ ದೆವ್ವದ ಭಯ ಕಣ್ರೋ!" ಎಂದು ಕೋರಿ ದಿಯೋನ್ ಎಂಬ ತುಂಟ ಕೂಗಿದ. ಮಕ್ಕಳೆಲ್ಲ ನಕ್ಕರು.

ಯುಲಾಲಿ ಬಂದು ಚಾಕು ಕಿತ್ತು ನನ್ನ ಕೈಗೆ ಕೊಟ್ಟಳು. "ಇವತ್ತು ಬೇಡ ಒವೀದ್. ತಡೆಯೋಕಲ್ಲ ನಾವು ಹೊರಟಿರೋದು."

ಹಿಂದೆ ತಿರುಗಿ, ಗೋಪುರವನ್ನು ಬಿಟ್ಟು, ಬಲೆ ಕೊಟ್ಟಿಗೆಯ ತಗಡಿನ ಮಾಡನ್ನು ಜೋಡಿ ಓಕ್ ಮರದ ಸಂದಿಗೆ ತಂದುಕೊಂಡೆ. ಉಪ್ಪು ನೀರಿಗೆ ಸತ್ತು ಬಿಳಿಚಿಕೊಂಡ ಮರಗಳು ಅವು. ಹಬೆಯೊಳಗೆ ನೆಟ್ಟಗೆ ಹೋದೆ. ಮೊದಮೊದಲು ಮಕ್ಕಳು ಕೂಗಾಡುತ್ತಿದ್ದವು. ಆಮೇಲೆ ಒಂದೊಂದಾಗಿ ದೋಣಿಯ ಅಂಚಿಗೆ ಒರಗಿ ನೀರು ನೋಡತೊಡಗಿದವು. ಏಳನೇ ಮೈಲಿಗೆ ದೋಣಿಯ ತಳ ಕರಕರ ಎಂದು ಉಜ್ಜಿ ನಿಂತಿತು.

ಚಿಪ್ಪು.

ಮೊಣಕಾಲುದ್ದ ನೀರಿನಾಚೆ ದಿಬ್ಬ ಎದ್ದು ಮಲಗಿತ್ತು, ಹಳೆಯ ಮೀನಿನ ಬೆನ್ನಿನಂತೆ. ಅದರ ಮೇಲೆ ಆರು ಗೋರಿಗಳು, ಪಾಚಿ ಮೆತ್ತಿಕೊಂಡು ಕಪ್ಪಗಾಗಿದ್ದವು. ಕೊನೆಯದು ಚಿಕ್ಕದು. ಯುಲಾಲಿ ಬಕೆಟ್ಟು ಹಿಡಿದು ಚಪ್ಪಲಿ ಬಿಚ್ಚಿ ಇಳಿದಳು. ಅರವತ್ತು ಹತ್ತಿರವಾದ ಹೆಂಗಸು, ಓಡಿದಳು.

ಮಕ್ಕಳು ಪಾಚಿ ಕೆರೆದವು. ನಾನು ನೀರು ತಂದುಕೊಟ್ಟೆ. ಚಿಕ್ಕ ಗೋರಿಗೆ ಯುಲಾಲಿ ತಾನೇ ಸುಣ್ಣ ಬಳಿದಳು, ಮಗುವಿಗೆ ಎಣ್ಣೆ ಹಚ್ಚಿದಂತೆ ಮೆಲ್ಲಗೆ. ಉಳಿದ ಸುಣ್ಣವನ್ನು ಮಿಕ್ಕ ಐದಕ್ಕೂ ಹಂಚಿದರು. ಮೇಣದ ಬತ್ತಿ ಹಚ್ಚಿದಾಗ ಗಾಳಿಯಿಲ್ಲದ ಆ ಬಯಲಲ್ಲಿ ಜ್ವಾಲೆ ಕಡ್ಡಿಯಂತೆ ನೆಟ್ಟಗೆ ನಿಂತಿತು. ಯುಲಾಲಿ ಗೋರಿಯ ಪಕ್ಕ ಕುಳಿತು, ಗಟ್ಟಿಯಾಗಿ, ತರಗತಿಯಲ್ಲಿ ಹೇಳುವ ದನಿಯಲ್ಲೇ, "ಇದು ಚಿಪ್ಪಿನ ದಿಬ್ಬ. ಬೂಟಿನ ತಳದಾಗೆ, ಊರಿನಿಂದ ಏಳು ಮೈಲಿ ತೆಂಕಕ್ಕೆ ಐತೆ. ಗೊತ್ತಾಯ್ತಾ?" ಎಂದಳು.

"ಗೊತ್ತಾಯ್ತು ಮಿಸ್" ಎಂದವು ಮಕ್ಕಳು. ಆ ಉತ್ತರದ ಹಿಂದೆಯೇ, ಒಂದು ಉಸಿರು ತಡವಾಗಿ, ಇನ್ನೊಂದು ದನಿಯೂ ಕೇಳಿತು. ಪ್ರತಿಧ್ವನಿ ಎಂದುಕೊಂಡೆ. ಆದರೆ ಆ ಬಯಲಲ್ಲಿ ದನಿ ಹೋಗಿ ತಾಗುವುದಕ್ಕೆ ಒಂದು ಗೋಡೆಯೂ ಇರಲಿಲ್ಲ.

ಚಿಪ್ಪಿನ ಸಂದಿಯಲ್ಲಿ ನೀರು ಜಿನುಗತೊಡಗಿತು. ಕೊಲ್ಲಿ ವಾಪಸು ಬರುತ್ತಿತ್ತು. ಎಲ್ಲರನ್ನೂ ದೋಣಿಗೆ ಹತ್ತಿಸಿ, ಜಾಕೀಟುಗಳನ್ನು ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟು. ಬೆಳಿಗ್ಗೆ ಬಿಗಿದದ್ದು ಒಂಬತ್ತು.

"ಯುಲಾಲಿ! ಒಂದು ಮಗು ಕಮ್ಮಿ ಐತೆ ಕಣೇ!"

ಅವಳು ಒಬ್ಬೊಬ್ಬರ ಹೆಸರನ್ನೂ ಕರೆದಳು. ಎಂಟು ಹೆಸರಿಗೆ ಎಂಟು ಉತ್ತರ ಬಂತು. ಯಾರೂ ಕಮ್ಮಿ ಇರಲಿಲ್ಲ. ನಾನು ದಿಬ್ಬದ ಕಡೆ ನೋಡಿದೆ. ಚಿಕ್ಕ ಗೋರಿಯ ಮೇಲೆ, ಹಸಿ ಸುಣ್ಣದ ಮೇಲೆ, ಕಿತ್ತಳೆ ಬಣ್ಣದ ಜಾಕೀಟು ಕೂತಿತ್ತು. ಪಟ್ಟಿಗಳು ನಾನು ಬಿಗಿದಂತೆಯೇ ತುದಿಯವರೆಗೂ ಎಳೆದು ಬಿಗಿದಿದ್ದವು. ಯಾರೂ ಬಿಚ್ಚಿರಲಿಲ್ಲ.

ಕೋರಿ ನನ್ನ ಪಕ್ಕಕ್ಕೆ ಬಂದು ನಿಂತ. ತುಂಟತನ ಎಲ್ಲೋ ಹೋಗಿತ್ತು. "ನೋಂಕ್, ಆ ಹುಡುಗಿ ಬರಲ್ವಾ? ನಾನು ಅವಳಿಗೆ ಅರ್ಧ ಬ್ರೆಡ್ ಕೊಟ್ಟಿದ್ದೆ."

"ಅವಳ ಮನೆ ಇಲ್ಲೇ ಕಣಪ್ಪ" ಎಂದಳು ಯುಲಾಲಿ. ಅವನ ತಲೆ ಸವರಿದಳು. ಅವಳ ಮುಖದ ಮೇಲೆ ನಾನು ಬಹಳ ವರ್ಷದಿಂದ ಕಾಣದಿದ್ದ ನೆಮ್ಮದಿ ಇತ್ತು.

ಜಾಕೀಟು ತರಲು ನಾನು ಇಳಿಯಲಿಲ್ಲ. ಧೈರ್ಯಗೆಟ್ಟೆ ಎಂದರೆ ಎನ್ನಿ.

ಮರುದಿನ ಒಂಬತ್ತು ಹಾಳೆಗಳನ್ನೂ ಅಂಟಿಸಿ, ಅಚ್ಚಾದ ನಕ್ಷೆಯ ಕೆಳಗೆ, ಬೂಟಿನ ತಳದ ಜಾಗಕ್ಕೆ ಮೊಳೆ ಹೊಡೆದು ಕೂರಿಸಿದೆ. ಯುಲಾಲಿ ತನ್ನ ಪ್ರಶ್ನೆ ಕೇಳಿದಳು. ಈ ಸಲ ಯಾವ ಬೆರಳೂ ನೀರಿಗೆ ಬೀಳಲಿಲ್ಲ. ಎಂಟು ಮಕ್ಕಳೂ ಸಾಲಾಗಿ ಬಂದು ಕೆಂಪು ಬಳಪದಲ್ಲಿ ತಮ್ಮ ತಮ್ಮ ಮನೆ ಬರೆದವು. ಶಾಲೆ ಬಿಟ್ಟ ಮೇಲೆ ಬಾಗಿಲಿಗೆ ಬೀಗ ಹಾಕಿದವಳು ಯುಲಾಲಿಯೇ, ಬೆಳಿಗ್ಗೆ ತೆಗೆದವಳೂ ಅವಳೇ. ಬೆಳಿಗ್ಗೆ ನಕ್ಷೆಯಲ್ಲಿ ಒಂಬತ್ತು ಮನೆಗಳಿದ್ದವು. ಒಂಬತ್ತನೆಯದು ದಿಬ್ಬದ ಮೇಲೆ, ಇದ್ದಿಲಿನಲ್ಲಿ ಬರೆದದ್ದು. ಬಾಗಿಲು, ಕಿಟಕಿ, ಹೊಗೆಯಾಡುವ ಒಲೆ. ಕಿಟಕಿಗೆ ಪರದೆ ಇರಲಿಲ್ಲ.

ಆಮೇಲೆ ಆರು ವರ್ಷ ಅವಳು ಪಾಠ ಮಾಡಿದಳು. ಆರೂ ಹಬ್ಬಕ್ಕೂ ದಿಬ್ಬಕ್ಕೆ ಹೋದೆವು, ಕೆಲವು ವರ್ಷ ನೀರಿನೊಳಗೇ ಕೈಯಿಟ್ಟು ಗೋರಿಯನ್ನು ತಡವಿ ಬಂದೆವು. ಜಾಕೀಟು ಮತ್ತೆ ಸಿಗಲಿಲ್ಲ. ಒಂಬತ್ತನೇ ಹಾಳೆಯೂ ಮತ್ತೆ ಬರಲಿಲ್ಲ.

ಆ ಒಂಬತ್ತನೇ ಹಾಳೆ ಬಂದ ವರ್ಷದ ಕೊನೆಯಲ್ಲಿ ಹಾಜರಿ ಪುಸ್ತಕ ತಿರುವುತ್ತಿದ್ದ ಹೆಡ್ ಮಾಸ್ತರರು ಕನ್ನಡಕ ಏರಿಸಿ ಯುಲಾಲಿಯನ್ನು ಕರೆದರು. ನಾನು ಆಗ ಅಲ್ಲೇ ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಯುತ್ತಿದ್ದೆ.

"ಏನಮ್ಮ ಇದು? ಎಂಟು ಮಕ್ಕಳಿಗೆ ಒಂಬತ್ತು ಹೆಸರು ಬರೆದಿದೀರಲ್ಲ. ನೋಯೆಲಿ ಪಾರ್ಫೆ ಅಂತ, ನವೆಂಬರ್ ಒಂದನೇ ತಾರೀಕು ಮಾತ್ರ ಹಾಜರ್. ಈ ಹೆಸರಿನ ಮಗು ನಮ್ಮ ಶಾಲೆಗೆ ಸೇರೇ ಇಲ್ಲ."

"ಸೇರಿಸ್ಕಳ್ಳಲಿಲ್ಲ ಸಾರ್, ಆಗ" ಎಂದಳು ಯುಲಾಲಿ.

"ಹೊಡೆದುಹಾಕಿ ಅದನ್ನ."

ಅವಳು ಪುಸ್ತಕವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮುಚ್ಚಿದಳು. "ಒಂದು ದಿನ ಬಂದಿದ್ಲು ಸಾರ್. ಬಂದಿದ್ದನ್ನ ಬಂದಂಗೇ ಬರೆದಿದೀನಿ."